ಬಾಗಿಲೊಳಗೆ ನಿಂತವಳು

ಮಳೆಗಾಲ ಬಂತೆಂದರೆ ನನ್ನ ಮಹಾಪುರುಷರಿಗೆಲ್ಲ ಪಾಚಿ ಹಿಡಿಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನಲ್ಲಿ ನಾನು ನಿಲ್ಲಿಸಿದ ಸಿಮೆಂಟಿನ ಮೂರ್ತಿಗಳು ಅಲ್ಲಲ್ಲಿ ಇವೆ. ಆಷಾಢ ಮುಗಿಯುವ ಹೊತ್ತಿಗೆ ಒಬ್ಬೊಬ್ಬರ ಮೂಗಿನ ತುದಿಯೂ ಹಸಿರಾಗಿರುತ್ತದೆ. ಆಗಸ್ಟ್ ಹದಿನೈದಕ್ಕೆ ಮುಂಚಿನ ವಾರ ತೆಂಗಿನ ನಾರು, ಬಕೆಟ್ಟು, ಸುಣ್ಣದ ಡಬ್ಬಿ, ಒಂದೆರಡು ಉಳಿ, ಕರಣೆ ಇಷ್ಟನ್ನು ಬೈಕಿಗೆ ಕಟ್ಟಿಕೊಂಡು ಹೊರಡುವುದು ನನ್ನ ರೂಢಿ. ಯಾರೂ ಕರೆಯುವುದಿಲ್ಲ. ಕರೆಯಲಿ ಅಂತ ಕಾಯುವ ಜಾಯಮಾನವೂ ನನ್ನದಲ್ಲ. ನನ್ನ ಕೈಯಿಂದ ಹುಟ್ಟಿದ್ದು ಕೊಳಕಾಗಿ ನಿಂತರೆ ನನಗೆ ಊಟ ಸೇರುವುದಿಲ್ಲ, ಅಷ್ಟೇ.

ನಮ್ಮದು ಶಿರಸಿಯ ಗುಡಿಗಾರರ ಮನೆ. ಅಪ್ಪ, ಅಜ್ಜ ಗಂಧದ ಪೆಟ್ಟಿಗೆ, ದೇವರ ಮಂಟಪ, ಮದುವೆಯ ಬಾಸಿಂಗ ಮಾಡಿಕೊಂಡು ಬಂದವರು. ಗಂಧದ ಮರ ಸಿಗುವುದು ಕಷ್ಟವಾದ ಮೇಲೆ ನಾನು ಕಲ್ಲಿಗೆ, ಆಮೇಲೆ ಸಿಮೆಂಟಿಗೆ ಇಳಿದೆ. 'ಇಳಿದೆ' ಅನ್ನುವುದು ಅಪ್ಪನ ಮಾತು. ನಾನು ಹಾಗೆ ಒಪ್ಪುವುದಿಲ್ಲ. ಗಂಧದಲ್ಲಿ ಮಾಡಿದ್ದು ಯಾರದೋ ಶೋಕೇಸಿನೊಳಗೆ ಹೋಗಿ ಕೂರುತ್ತದೆ. ಸಿಮೆಂಟಿನದು ರಸ್ತೆಬದಿಗೆ ನಿಂತು ಬಸ್ಸಿನ ಕಂಡಕ್ಟರಿಂದ ಹಿಡಿದು ದನ ಹೊಡೆದುಕೊಂಡು ಹೋಗುವವರವರೆಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಎಲ್ಲರ ಕಣ್ಣಿಗೆ ಬೀಳಬೇಕೆನ್ನುವ ಮನುಷ್ಯ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ನನ್ನ ಸವಾರಿ ಶುರುವಾಗುವುದು ಯಲ್ಲಾಪುರದ ಕಡೆಯಿಂದ. ಉಮ್ಮಚಗಿ ದಾಟಿದ ಮೇಲೆ ಒಂದು ಶಾಲೆಯ ಅಂಗಳದಲ್ಲಿ ನನ್ನ ಮೊದಲ ದೊಡ್ಡ ಕೆಲಸ ನಿಂತಿದೆ, ರಾಷ್ಟ್ರಪಿತನ ಮೂರ್ತಿ. ತೊಂಬತ್ತರ ದಶಕದ ಶುರುವಿನಲ್ಲಿ ಮಾಡಿದ್ದು. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ದೇವರುಗಳನ್ನೇ. ಮುಖ ಇಷ್ಟುದ್ದ ಇದ್ದರೆ ಭುಜ ಇಷ್ಟಗಲ, ಎದೆ ಇಷ್ಟಗಲ ಅನ್ನುವ ದೇವರ ಅಳತೆ ನಮಗೆ ಮಗ್ಗಿಯ ಹಾಗೆ ಬಾಯಿಪಾಠ. ಕೈ ತಾನಾಗಿ ಅದೇ ಅಳತೆ ಹಿಡಿಯಿತು. ಮುಖ ಅವರದೇ, ಕನ್ನಡಕ ಅವರದೇ, ಎದೆ ಭುಜ ಮಾತ್ರ ವಿಷ್ಣುವಿನದು. ಶಾಲೆಯ ಮಕ್ಕಳು ಮೊದಲ ದಿನವೇ 'ಪೈಲ್ವಾನ್ ಅಜ್ಜ' ಅಂತ ಹೆಸರಿಟ್ಟವು. ಆಗ ನನಗೆ ಸಿಟ್ಟು ನೆತ್ತಿಗೇರಿತ್ತು. ಈಗ ಆ ಎದೆಯನ್ನು ನಾರಿನಿಂದ ತಿಕ್ಕುವಾಗ ಬೇರೆಯೇ ಅನ್ನಿಸುತ್ತದೆ. ಒಂದು ಸಾಮ್ರಾಜ್ಯವನ್ನೇ ಗಂಟುಮೂಟೆ ಕಟ್ಟಿಸಿದ ಮನುಷ್ಯ ಅಷ್ಟು ಸಣಕಲು ಇದ್ದ ಅನ್ನುವುದನ್ನು ನನ್ನ ಕೈ ನಂಬಲಿಲ್ಲ. ನಂಬದೇ ಇದ್ದದ್ದಕ್ಕೆ ನನಗೇನೂ ನಾಚಿಕೆ ಇಲ್ಲ.

ಅಲ್ಲಿಂದ ಮರುದಿನ ಬನವಾಸಿ ರಸ್ತೆಯ ಕಡೆ. ಗಡಿಯಲ್ಲಿ ಯುದ್ಧ ನಡೆದ ವರ್ಷ ತೀರಿಕೊಂಡ ಒಬ್ಬ ಸೈನಿಕನ ಎದೆಮಟ್ಟದ ಮೂರ್ತಿ ಅಲ್ಲೊಂದು ಊರಿನ ಕೂಡುರಸ್ತೆಯಲ್ಲಿದೆ. ಅನಾವರಣದ ದಿನ ಅವನ ತಾಯಿ ಸುತ್ತ ತಿರುಗಿ ನೋಡಿ, "ಭಾಳ ಚೊಲೊ ಮಾಡೀರಿ. ಆದ್ರ ನನ್ನ ಮಗ ಹಿಂಗ ಬಿಗಿ ಮಾರಿ ಮಾಡ್ಕೊಂಡು ಎಂದೂ ನಿಂತಾಂವಲ್ಲ ಬಿಡ್ರಿ" ಅಂದಿದ್ದರು. ಮರುವರ್ಷ ಉಜ್ಜಲು ಹೋದಾಗ ನಾನೇ ಒಂದು ಸಣ್ಣ ಉಳಿ ತೆಗೆದುಕೊಂಡು ತುಟಿಯ ಕೊನೆಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿದೆ. ಸಿಮೆಂಟಿನ ತುಟಿಯನ್ನು ಎತ್ತುವುದು ಎಷ್ಟು ಕಷ್ಟ ಅಂತ ಕೆಲಸ ಗೊತ್ತಿದ್ದವರನ್ನು ಕೇಳಿ. ತಾಯಿ ಬಂದು ನೋಡಿದರು. "ಬರ್ರಿ, ಕುಂದರ್ರಿ, ಚಾ ಕುಡೀರಿ" ಅಂದರು. ಆಮೇಲೆ ಪ್ರತಿ ವರ್ಷ ನನಗೆ ಅಲ್ಲಿ ಚಹಾ ಇದೆ.

ಕೊನೆಯದು ಸಿದ್ದಾಪುರದ ಕಡೆಯದು. ಹೇಳಬೇಕು ಅಂತ ಕೂತದ್ದೇ ಅದರ ಬಗ್ಗೆ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ಸಿದ್ದಾಪುರ ತಾಲೂಕಿನಲ್ಲಿ ಕರನಿರಾಕರಣೆ ನಡೆದದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಬ್ರಿಟಿಷ್ ಸರಕಾರಕ್ಕೆ ಭೂಮಿಯ ತೀರ್ವೆ ಕೊಡುವುದಿಲ್ಲ ಅಂತ ರೈತರು ಹಟ ಹಿಡಿದರು. ಸರಕಾರ ಅವರ ಹಂಡೆ, ತಪ್ಪಲೆ, ದನಕರು, ಕೊನೆಗೆ ಜಮೀನನ್ನೂ ಜಪ್ತಿ ಮಾಡಿ ಲಿಲಾವಿಗೆ, ಅಂದರೆ ಹರಾಜಿಗೆ, ಹಾಕಿತು. ಗಂಡಸರು ಜೈಲಿಗೆ ಹೋದರು. ಆಗ ಮನೆಯಲ್ಲಿ ಉಳಿದ ಹೆಂಗಸರು ಎದ್ದು ಹೋಗಿ, ಆ ಲಿಲಾವಿನಲ್ಲಿ ಕೂಗಿ ಜಮೀನು ಹಿಡಿದವರ ಮನೆಬಾಗಿಲಲ್ಲಿ ಉಪವಾಸ ಕೂತರು. 'ಜಮೀನು ವಾಪಸು ಕೊಡುವವರೆಗೆ ಏಳುವುದಿಲ್ಲ' ಅಂತ. ಆಗಷ್ಟೇ ಮದುವೆಯಾಗಿ ಬಂದ ಹುಡುಗಿಯರೂ ಅವರಲ್ಲಿದ್ದರು. ದೇಶದ ಚರಿತ್ರೆ ಅಂದ ಕೂಡಲೇ ಜನ ದಿಲ್ಲಿಯ ಕಡೆ ಮುಖ ಮಾಡುತ್ತಾರೆ. ನಾನು ಸಿದ್ದಾಪುರದ ಕಡೆ ಮಾಡುತ್ತೇನೆ.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಅಲ್ಲಿನ ಒಂದು ಊರಿನವರು ಒಂದು ಸಮಿತಿ ಮಾಡಿಕೊಂಡು, ಶಾಲೆಯ ಮೈದಾನದ ಗೋಡೆಯ ಮೇಲೆ ಈ ಪ್ರಸಂಗದ ಉಬ್ಬುಶಿಲ್ಪ ಮಾಡಿಕೊಡಬೇಕು ಅಂತ ನನ್ನಲ್ಲಿಗೆ ಬಂದರು. ನಿವೃತ್ತ ಹೆಡ್‌ಮಾಸ್ತರೊಬ್ಬರು ಸಮಿತಿಯ ಅಧ್ಯಕ್ಷರು. ಅದೇ ಊರಿನಲ್ಲಿ ಐವರು ಹೆಂಗಸರು ಹಾಗೆ ಕೂತಿದ್ದರಂತೆ. ಅವರಲ್ಲಿ ಒಬ್ಬರು ಇನ್ನೂ ಬದುಕಿದ್ದರು. ಎಂಬತ್ತು ದಾಟಿದ ಅಜ್ಜಿ. ಅನಾವರಣಕ್ಕೆ ಅವರೇ ಮುಖ್ಯ ಅತಿಥಿ ಅಂತ ಆಗಲೇ ತೀರ್ಮಾನವಾಗಿತ್ತು.

ನಾನು ಮಣ್ಣಿನಲ್ಲಿ ಸಣ್ಣದೊಂದು ಮಾದರಿ ಮಾಡಿಕೊಂಡು ಅಜ್ಜಿಯ ಮನೆಗೆ ಹೋದೆ. ಅವರು ಯಾರೊಡನೆಯೂ ತಮ್ಮ ಮನೆಮಾತಿನಲ್ಲೇ ಮಾತಾಡುವವರು, 'ನಾನು' ಅನ್ನಲು 'ಆನು', 'ನಾವು' ಅನ್ನಲು 'ಯಂಗ'. ಜಗಲಿಯ ಮೇಲೆ ಅದನ್ನು ಇಟ್ಟ ಕೂಡಲೇ ಬಗ್ಗಿ ನೋಡಿ, "ಇವು ಯಾರು?" ಅಂದರು.

"ನೀವೇ ಅಮ್ಮಾ. ನೀವು ಐದು ಜನ" ಅಂದೆ.

"ಯಂಗಳಾ? ಯಂಗ ಎಂತ ಮದುವೆ ಮನೆಗೆ ಹೋಗಿದ್ವನ ಮಾರಾಯ! ಎಷ್ಟು ಸರ ಹಾಕಿದ್ದೆ ನೋಡು" ಅಂತ ನಕ್ಕರು.

ನೋಡಿದರೆ ಹೌದು. ಐವರ ಕುತ್ತಿಗೆಗೂ ಎರಡೆಳೆ, ಮೂರೆಳೆ ಸರ, ಕಿವಿಗೆ ಬುಗುಡಿ, ತೋಳಿಗೆ ವಂಕಿ. ಉಪವಾಸ ಕೂತ ಹೆಂಗಸರನ್ನು ನಾನು ಗರ್ಭಗುಡಿಯ ಅಮ್ಮನವರ ಹಾಗೆ ಸಿಂಗರಿಸಿದ್ದೆ. ನಮ್ಮ ಮನೆತನದಲ್ಲಿ ಹೆಣ್ಣಿನ ಬರಿ ಕುತ್ತಿಗೆ ಕೆತ್ತಿದವರು ಯಾರೂ ಇಲ್ಲ. ಕುತ್ತಿಗೆ ಕಂಡರೆ ನಮ್ಮ ಉಳಿ ಅಲ್ಲೊಂದು ಸರ ಹಾಕಿಯೇ ಮುಂದೆ ಹೋಗುತ್ತದೆ. ಬಂಗಾರವೆಲ್ಲ ಜಪ್ತಿಗೆ, ಇಲ್ಲವೇ ಗುಟ್ಟಾಗಿ ತವರುಮನೆಗೆ ಹೋಗಿತ್ತು ಅಂತ ಅಜ್ಜಿ ಹೇಳಿದರು. ಕಿವಿಯ ತೂತು ಮುಚ್ಚಿಹೋಗದಿರಲಿ ಅಂತ ಹಿಡಿಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದರಂತೆ. ನಾನು ಅಲ್ಲೇ ಕೂತು ಹೆಬ್ಬೆರಳಿನಿಂದ ಒಂದೊಂದೇ ಸರ ಒರೆಸಿ ತೆಗೆದೆ. ಸರ ಹೋದ ಮೇಲೆ ಕುತ್ತಿಗೆಯ ಎಲುಬು ಮೂಡಿಸಬೇಕಾಯಿತು. ಅದು ನನಗೆ ಹೊಸ ಕೆಲಸ. ಮಾಡಿ ಮುಗಿಸಿದಾಗ ಐವರೂ ಮನುಷ್ಯರಾಗಿದ್ದರು.

ಅಜ್ಜಿ ಮತ್ತೆ ಬಗ್ಗಿದರು. ಬೆರಳು ಹೆಂಗಸರನ್ನು ದಾಟಿ ಹಿಂದಿನ ಮನೆಯ ಬಾಗಿಲಿನ ಮೇಲೆ ನಿಂತಿತು. "ಇದನ್ನ ಎಂತಕ್ಕೆ ಮುಚ್ಚಿದ್ದೆ? ಬಾಗಿಲು ತೆರೆದಿತ್ತು. ಅದು ಅಲ್ಲೇ ನಿಂತಿತ್ತು" ಅಂದರು.

ಆ ಮನೆಮಾತಿನಲ್ಲಿ ಹೆಂಗಸರನ್ನು 'ಅದು' ಅನ್ನುವುದೇ ಪ್ರೀತಿ. ಯಾರು ಅಂತ ಕೇಳಿದೆ. ಲಿಲಾವು ಹಿಡಿದವನ ಹೆಂಡತಿ ಅಂದರು.

ಅವತ್ತು ಅಜ್ಜಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ಹೆಂಗಸು ದಿನಾ ಬೆಳಿಗ್ಗೆ ಗಂಡ ಬೇಡವೆಂದರೂ ಕೇಳದೆ ಒಂದು ತಂಬಿಗೆ ನೀರು ತಂದು ಉಪವಾಸ ಕೂತವರ ಎದುರಿಗೆ ಇಟ್ಟು ಹೋಗುತ್ತಿದ್ದಳು. ಬಾಯಿ ತೆರೆದು ಏನೂ ಹೇಳುತ್ತಿರಲಿಲ್ಲ. ಲಿಲಾವು ಹಿಡಿದ ಮನೆಯ ನೀರನ್ನೂ ಮುಟ್ಟಬಾರದು ಅಂತ ಇವರ ಪಣ. ಇವರು ಮುಟ್ಟಲಿಲ್ಲ. ಅವಳು ಬಾಗಿಲೊಳಗೆ ನಿಂತು ನೋಡುತ್ತಿದ್ದಳು. ಬಿಸಿಲೇರಿದ ಮೇಲೆ ತುಂಬಿದ ತಂಬಿಗೆಯನ್ನು ಹಾಗೇ ಒಳಗೆ ಒಯ್ಯುತ್ತಿದ್ದಳು. ಮರುದಿನ ಬೆಳಿಗ್ಗೆ ಮತ್ತೆ ಹೊಸ ನೀರು. ಹೀಗೆ ಕೆಲವು ದಿನ ಆದ ಮೇಲೆ ಅವಳೂ ಊಟ ಬಿಟ್ಟಳು. ಮನೆಗೆಲಸದವಳ ಬಾಯಿಂದ ಇವರಿಗೆ ಅದು ಗೊತ್ತಾಯಿತು. ಗೊತ್ತಾದ ಮೇಲೂ ಇವರು ನೀರು ಮುಟ್ಟಲಿಲ್ಲ. ಕೊನೆಗೊಂದು ಮಧ್ಯಾಹ್ನ ಅವಳು ಹೊಸ್ತಿಲ ಮೇಲೇ ಕುಸಿದು ಬಿದ್ದಳು. ಅದೇ ಸಂಜೆ ಗಂಡ ಹೊರಗೆ ಬಂದು ಜಮೀನು ವಾಪಸು ಕೊಡುತ್ತೇನೆ ಅಂದ.

"ಹೊರಗಿನ ಉಪವಾಸಕ್ಕೆ ಅಂವ ಬಗ್ಗಿದ್ನಿಲ್ಲೆ ತಮಾ. ಒಳಗಿನ ಉಪವಾಸಕ್ಕೆ ಬಗ್ಗಿದ. ಯಂಗ ಊಟ ಬಿಟ್ಟಿದ್ದು ಪೇಪರಲ್ಲಿ ಬಂತು. ಅದು ಬಿಟ್ಟಿದ್ದು ಯಾರಿಗೂ ಗೊತ್ತಿಲ್ಲೆ" ಅಂದರು ಅಜ್ಜಿ. ಮಾದರಿಯ ಬಾಗಿಲನ್ನು ಬೆರಳಿನಿಂದ ಸವರಿ, "ಯಂಗ ಒಂದು ಗುಟುಕಾದ್ರೂ ಕುಡಿಯಕಾಗಿತ್ತು" ಅಂದರು.

ಆ ಹೆಂಗಸು ಸ್ವಾತಂತ್ರ್ಯ ಬರುವ ಮೊದಲೇ ತೀರಿಹೋಗಿದ್ದಳು. ಊರಿನವರು ಆ ಮನೆಯೊಡನೆ ಊಟ ಉಪಚಾರವನ್ನು ಯಾವಾಗಲೋ ಶುರುಮಾಡಿಕೊಂಡಿದ್ದರು. ಅಜ್ಜಿ ಮಾತ್ರ ಆ ಮೆಟ್ಟಿಲು ಹತ್ತಿರಲಿಲ್ಲ. ಸಿಟ್ಟಿನಿಂದ ಅಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ. ಅವರಿಗೆ ಬೇಕಾದದ್ದು ಒಂದೇ: ತಮ್ಮ ಐವರ ಜೊತೆಗೆ ಆರನೆಯವಳಾಗಿ ಅವಳೂ ಆ ಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು. ನಾನು ಆಗಲಿ ಅಂದೆ. ಅಂದದ್ದು ಬಾಯುಪಚಾರಕ್ಕಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಬಾಗಿಲನ್ನು ಎಷ್ಟು ಆಳಕ್ಕೆ ತೋಡಬೇಕು, ಅವಳನ್ನು ಎಷ್ಟು ನೆರಳಿನಲ್ಲಿ ನಿಲ್ಲಿಸಬೇಕು ಅಂತಲೇ ನನ್ನ ತಲೆ ಓಡುತ್ತಿತ್ತು.

ಗೋಡೆಯ ಕೆಲಸ ಶುರುಮಾಡಿದೆ. ಸರಳು ಕಟ್ಟಿ, ಜಾಲರಿ ಬಿಗಿದು, ಸಿಮೆಂಟಿನಲ್ಲಿ ಐವರನ್ನೂ ಎಬ್ಬಿಸಿದೆ. ಅವರ ಹಿಂದೆ ಮನೆಯ ಬಾಗಿಲನ್ನು ಗೇಣಿಗಿಂತ ಹೆಚ್ಚು ಆಳಕ್ಕೆ ಒಳಸರಿಸಿ, ಅದರೊಳಗೆ ಅವಳನ್ನು ನಿಲ್ಲಿಸಿದೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಕಾಲು ಹೊಸ್ತಿಲಿನ ಒಳಗೇ. ಲಿಲಾವು ಹಿಡಿಯುವಷ್ಟು ಅನುಕೂಲದ ಮನೆ, ಅವಳ ಮೈಮೇಲೆ ಬಂಗಾರವಿತ್ತು ಅಂತ ಅಜ್ಜಿಯೇ ಹೇಳಿದ್ದರು. ಐದು ಬರಿ ಕುತ್ತಿಗೆ ಕೆತ್ತಿ ಹಸಿದಿದ್ದ ನನ್ನ ಉಳಿ ಆ ಹಸಿವೆಯನ್ನೆಲ್ಲ ಅವಳ ಮೇಲೆ ತೀರಿಸಿಕೊಂಡಿತು. ಅವಲಕ್ಕಿ ಸರದ ಒಂದೊಂದು ಕಾಳನ್ನೂ ಬಿಡಿಸಿದೆ. ಎಲ್ಲರಿಗಿಂತ ಹೆಚ್ಚು ಒಡವೆ ಅವಳಿಗೆ, ಎಲ್ಲರಿಗಿಂತ ದೀನವಾದ ಮುಖವೂ ಅವಳಿಗೆ. ಅದನ್ನು ಮಾಡಿ ಮುಗಿಸಿದ ದಿನ ಮೈದಾನದಲ್ಲಿ ಒಬ್ಬನೇ ನಿಂತು, ಇಂಥದ್ದನ್ನು ಇನ್ನೊಬ್ಬ ಮಾಡಿದ್ದರೆ ತೋರಿಸಿ ಅಂತ ಗಟ್ಟಿಯಾಗಿಯೇ ಅಂದಿದ್ದೆ. ಮೈದಾನದಲ್ಲಿ ಮೇಯುತ್ತಿದ್ದ ಎರಡು ಎಮ್ಮೆ ಮಾತ್ರ ತಲೆ ಎತ್ತಿದವು.

ಮಾರನೆಯ ದಿನ ಹೆಡ್‌ಮಾಸ್ತರು ಬಂದರು. ಬಾಗಿಲನ್ನು ನೋಡಿದವರ ಮುಖ ಕಪ್ಪಿಟ್ಟಿತು.

"ಇದು ಯಾರು?" ಅಂದರು. ಹೇಳಿದೆ.

"ಲಿಲಾವು ಹಿಡಿದ ಮನೆಯವರನ್ನು ಹೋರಾಟಗಾರರ ಸಾಲಿನಲ್ಲಿ ನಿಲ್ಲಿಸುವುದೇ? ಇದಕ್ಕೆ ದಾಖಲೆ ಎಲ್ಲಿದೆ?"

"ಅಲ್ಲಿ ಕೂತಿದ್ದವರೇ ಹೇಳಿದ್ದು ಸಾರ್. ಅದಕ್ಕಿಂತ ಎಂತ ದಾಖಲೆ ಬೇಕು?"

"ವಯಸ್ಸಾದವರು ಎಂತೆಂತದೋ ಹೇಳ್ತಾರೆ" ಅಂದರು. ಆಮೇಲೆ ದನಿ ಇಳಿಸಿ ನಿಜವಾದ ಕಾರಣವನ್ನೂ ಹೇಳಿದರು. ಆ ಹೆಂಗಸಿನ ಮಗ ಅದೇ ಊರಿನಲ್ಲಿದ್ದರು, ಆಗ ಎಪ್ಪತ್ತರ ಆಚೆಯ ಮನುಷ್ಯ. ಗೋಡೆಯ ಸುದ್ದಿ ಕಿವಿಗೆ ಬಿದ್ದು ಅವರು ಹಿಂದಿನ ಸಂಜೆಯೇ ಹೆಡ್‌ಮಾಸ್ತರ ಮನೆಗೆ ಹೋಗಿ, 'ನನ್ನ ತಾಯಿಯನ್ನು ಬೀದಿಗೆ ತರಬೇಡಿ. ತಾಯಿಯನ್ನು ತೋರಿಸಿದರೆ ಅಪ್ಪನ ಕತೆಯನ್ನೂ ಹೇಳಬೇಕಾಗುತ್ತದೆ' ಅಂತ ಕೈಮುಗಿದಿದ್ದರಂತೆ. ಊರಿನ ಸಂಬಂಧ ಹಾಳಾಗುವುದು ಸಮಿತಿಗೆ ಬೇಡವಾಗಿತ್ತು. ಬಾಗಿಲು ಮುಚ್ಚಿಬಿಡಿ, ಸಮಿತಿ ಹೇಳದೆ ತೆಗೆಯುವುದಿಲ್ಲ ಅಂತ ಮಾತು ಕೊಡಿ ಅಂದರು.

ನನಗೆ ಮೈಯೆಲ್ಲ ಉರಿಯಿತು. ಕರಣೆ ಎಸೆದು ಶಿರಸಿಯ ಬಸ್ಸು ಹತ್ತುವವನಿದ್ದೆ. ಆದರೆ ಎಸೆದು ಹೋದರೆ ಬೇರೆ ಯಾರನ್ನೋ ಕರೆಸಿ ಅವಳನ್ನು ಒಡೆಸುತ್ತಾರೆ ಅನ್ನುವುದು ಹೊಳೆಯಿತು. ಮಾತು ಕೊಟ್ಟೆ. ಮುಚ್ಚಿ ಅಂದರು, ಮುಚ್ಚಿದೆ. ಅಳಿಸಿ ಅಂತ ಅವರು ಹೇಳಿರಲಿಲ್ಲ.

ಪಕ್ಕದ ತೋಟದಿಂದ ಒಳ್ಳೆ ಅಗಲದ ಅಡಿಕೆ ಹಾಳೆ ತಂದು ನೀರಿನಲ್ಲಿ ನೆನೆಸಿದೆ. ಮೆತ್ತಗಾದ ಮೇಲೆ ಅವಳ ಮುಖಕ್ಕೆ, ಒಡವೆಗೆ, ಕೈಗೆ ತಾಗದ ಹಾಗೆ ಸುತ್ತಲೂ ಹೊದಿಸಿ, ಮುಂದಿನ ಜಾಗಕ್ಕೆ ಮರಳು ತುಂಬಿದೆ. ಅದರ ಮೇಲೆ ತೆಳ್ಳಗೆ ಜಾಲರಿ, ಜಾಲರಿಯ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಎರಡು ಹಲಗೆಯ ಬಾಗಿಲು, ಅಗುಳಿ, ಚಿಲಕ. ಹಲಗೆಯ ಎಳೆ ಕೂಡ ಎದ್ದು ಕಾಣುವ ಹಾಗೆ ಮಾಡಿದೆ. ಹೆಡ್‌ಮಾಸ್ತರು ಬಂದು ನೋಡಿ ಭೇಷ್ ಅಂದರು. ಒಳಗೆ ಅವಳು ಹಾಗೇ ನಿಂತಿದ್ದಾಳೆ ಅನ್ನುವುದು ನನ್ನ ಹೆಂಡತಿಗೂ ಹೇಳದ ಗುಟ್ಟು.

ಅನಾವರಣಕ್ಕೆ ಅಜ್ಜಿ ಬರಲಿಲ್ಲ. ಕರೆಯಲು ಹೋದ ಜೀಪು ಖಾಲಿ ವಾಪಸಾಯಿತು. "ಆ ಬಾಗಿಲು ಮುಚ್ಚಿದ್ದಿದ್ದಿಲ್ಲೆ. ಸುಳ್ಳಿನ ಎದುರಿಗೆ ಕುರ್ಚಿ ಹಾಕ್ಯಂಡು ಕೂರಲೆ ಆನು ಬತ್ನಿಲ್ಲೆ" ಅಂತ ಹೇಳಿ ಕಳಿಸಿದ್ದರು. ವೇದಿಕೆಯ ಮೇಲೆ ಮುಖ್ಯ ಅತಿಥಿಯ ಕುರ್ಚಿಗೆ ಹಾರವೊಂದನ್ನು ಇಳಿಬಿಟ್ಟು ಕಾರ್ಯಕ್ರಮ ಮುಗಿಸಿದರು. ಸಮಿತಿಯವರು ಮುದುಕಿಗೆ ಹಟ ಅಂದುಕೊಂಡರು. ಇಂಗ್ಲಿಷರ ಎದುರು ಕೂತವರು ಇವರ ಎದುರು ಏಳುತ್ತಾರೆಯೇ? ನನಗಂತೂ ಆ ಖಾಲಿ ಕುರ್ಚಿ ನೋಡಿ ಒಳಗೊಳಗೇ ಹಿಗ್ಗಾಯಿತು.

ಆಮೇಲೆ ಪ್ರತಿ ವರ್ಷ ಪಾಚಿ ತೆಗೆಯಲು ಹೋದಾಗ ಅಜ್ಜಿಯ ಮನೆಗೂ ಹೋಗುತ್ತಿದ್ದೆ. "ಬಾಗಿಲು ತೆಗೆದ್ಯಾ?" ಅನ್ನುವುದು ಅವರ ಮೊದಲ ಪ್ರಶ್ನೆ. ಇನ್ನೂ ಇಲ್ಲ ಅನ್ನುತ್ತಿದ್ದೆ. ಕಷಾಯ ಕೊಡುತ್ತಿದ್ದರು, ಬೈಯುತ್ತಿದ್ದರು. ಗುಟ್ಟು ಎಷ್ಟೋ ಸಲ ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರೇ ಕೋಲೂರಿಕೊಂಡು ಹೋಗಿ ಕಲ್ಲಿನಿಂದ ಕುಟ್ಟುತ್ತಿದ್ದರು, ಅನುಮಾನವೇ ಬೇಡ. ಕೊಟ್ಟ ಮಾತು ಇತ್ತು. ನಮ್ಮ ಕಸುಬಿನಲ್ಲಿ ಮಾತು ಕೆಟ್ಟರೆ ಗುಡಿಯೊಳಗೆ ಬಿಟ್ಟುಕೊಳ್ಳುವವರಿಲ್ಲ. ಆದರೂ ಅವರ ಬೆನ್ನು ವರ್ಷದಿಂದ ವರ್ಷಕ್ಕೆ ಬಾಗುತ್ತ ಬಂದದ್ದನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು. ನೋಡದೆಯೇ ಹೋಗಿಬಿಟ್ಟರೆ ಅನ್ನುವ ಹೆದರಿಕೆ.

ಸ್ವಾತಂತ್ರ್ಯಕ್ಕೆ ಅರವತ್ತು ತುಂಬುವ ವರ್ಷ ಬಂತು. ಹೆಡ್‌ಮಾಸ್ತರು ಆಗಲೇ ತೀರಿಕೊಂಡಿದ್ದರು. ಸಮಿತಿಯಲ್ಲಿ ಉಳಿದವರಿಗೆ ಆ ಗೋಡೆಯ ನೆನಪು ಬರುವುದೇ ವರ್ಷಕ್ಕೊಮ್ಮೆ. ಮಳೆ ಸ್ವಲ್ಪ ಬಿಟ್ಟು ಹೊಳವಾಗಿದ್ದ ಒಂದು ಬೆಳಿಗ್ಗೆ ನಾನು ಏಣಿಯ ಮೇಲೆ ನಿಂತು ಒಬ್ಬಳ ಸೆರಗಿನ ಪಾಚಿ ತಿಕ್ಕುತ್ತಿದ್ದೆ. ಕೆಳಗೆ ಯಾರೋ ಕೆಮ್ಮಿದ ಸದ್ದಾಯಿತು. ಕೋಲು ಹಿಡಿದ ಒಬ್ಬ ಮುದುಕರು. ಮುಖ ನೋಡಿ ಗುರುತಿದ್ದರೂ ಅವರು ನನ್ನೊಡನೆ ಅಲ್ಲಿಯವರೆಗೆ ಒಂದು ಮಾತೂ ಆಡಿದವರಲ್ಲ. ಆ ಹೆಂಗಸಿನ ಮಗ.

ಕೆಳಗೆ ಇಳಿದೆ. ಅವರು ನನ್ನನ್ನು ನೋಡದೆ ಬಾಗಿಲನ್ನೇ ನೋಡುತ್ತ ಮಾತಾಡಿದರು. ಪ್ರತಿ ಆಗಸ್ಟ್ ಹದಿನೈದಕ್ಕೂ ಧ್ವಜ ಹಾರಿಸಿದ ಮೇಲೆ ಮಾಸ್ತರುಗಳು ಮಕ್ಕಳನ್ನು ಇಲ್ಲಿಗೆ ಸಾಲಾಗಿ ಕರೆತರುತ್ತಾರಂತೆ. ಐವರನ್ನು ತೋರಿಸಿ ಇವರು ಹೋರಾಡಿದವರು ಅನ್ನುತ್ತಾರೆ. ಆಮೇಲೆ ಬಾಗಿಲು ತೋರಿಸಿ, ಇದು ಮನಸ್ಸು ಕರಗದವರ ಮನೆ, ಇವರು ಹಸಿದು ಕೂತಿದ್ದರೂ ಒಳಗಿನವರು ಬಾಗಿಲು ಸಹ ತೆರೆಯಲಿಲ್ಲ ಅನ್ನುತ್ತಾರೆ. ಈ ಮುದುಕರು ಪ್ರತಿ ವರ್ಷ ಹಿಂದೆ ನಿಂತು ಅದನ್ನು ಕೇಳಿದ್ದಾರೆ. ಮಾನ ಉಳಿಯಲಿ ಅಂತ ಮುಚ್ಚಿಸಿದ ಬಾಗಿಲೇ ಊರಿನ ಮಕ್ಕಳಿಗೆಲ್ಲ ಅವರ ಮನೆಯ ಗುರುತಾಗಿ ನಿಂತಿತ್ತು.

"ನಮ್ಮನೆ ಬಾಗಿಲು ಹಗಲಲ್ಲಿ ಮುಚ್ಚಿದ್ದು ಆನು ಒಂದಿನವೂ ಕಂಡಿದ್ನಿಲ್ಲೆ" ಅಂದರು. "ಆಯಿ ಅಲ್ಲೇ ನಿಂತ್ಕತ್ತಿತ್ತು. ಆನು ಸೆರಗು ಹಿಡ್ಕಂಡು ಹಿಂದೆ ನಿಂತಿದ್ದೆ. ಸಣ್ಣ ಮಾಣಿ ಆನು. ಎಲ್ಲ ನೆನಪಿದ್ದು." ಕೋಲಿನಿಂದ ಬಾಗಿಲಿಗೆ ಮೆಲ್ಲಗೆ ತಟ್ಟಿ, "ಇದನ್ನ ತೆಗೆದು, ಆಯಿಯನ್ನ ಅಲ್ಲಿ ಕೆತ್ತಲೆ ಆಗ್ತ?" ಅಂತ ಕೇಳಿದರು.

"ಕೆತ್ತುವುದು ಬೇಡ. ಅವರು ಅಲ್ಲೇ ಇದ್ದಾರೆ" ಅಂದೆ.

"ವೇದಾಂತ ಹೇಳಡ ಮಾರಾಯ. ಕೆಲಸ ಆಗ್ತ ಇಲ್ಯ ಹೇಳು!" ಅಂತ ರೇಗಿದರು.

ಸಮಿತಿಯಲ್ಲಿ ಉಳಿದಿದ್ದವರನ್ನು ಅವರೇ ಮಧ್ಯಾಹ್ನದೊಳಗೆ ಗೋಡೆಯ ಎದುರು ತಂದು ನಿಲ್ಲಿಸಿದರು. ಬೇಡಿಕೆ ಅವರದೇ ಆದ ಮೇಲೆ ಬೇಡ ಅನ್ನುವವರು ಯಾರು? ಎಲ್ಲರೂ ಹೂಂ ಅಂದರು. ನಾನು ಕೊಟ್ಟ ಮಾತು ಅಲ್ಲಿಗೆ ತೀರಿತು. ಉಳಿ ಹಿಡಿದು ಚಿಲಕದ ಪಕ್ಕದಿಂದ ಶುರುಮಾಡಿದೆ. ಹತ್ತು ವರ್ಷದ ಸಿಮೆಂಟು ಗಟ್ಟಿ ಕೂತಿತ್ತು. ಜೋರಾಗಿ ಹೊಡೆದರೆ ಒಳಗಿನ ಮೂಗು ಹಾರೀತು ಅನ್ನುವ ಭಯ. ಅಂಗೈಯಗಲ ಚೂರುಗಳಾಗಿ ಬಿಡಿಸುತ್ತ ಹೋದೆ. ಮೊದಲು ಮರಳು ಸುರಿಯಿತು. ಹಾಳೆ ಒಳಗೇ ಪುಡಿಯಾಗಿತ್ತು. ಅದರ ಗೀರುಗಳು ಮಾತ್ರ ಸಿಮೆಂಟಿನ ಒಳಮೈಗೆ ಅಚ್ಚೊತ್ತಿದ್ದವು.

ಮರಳು ಇಳಿದ ಹಾಗೆ ಹಣೆ ಕಂಡಿತು, ಕಣ್ಣು ಕಂಡಿತು, ಅವಲಕ್ಕಿ ಸರ ಕಂಡಿತು. ಹೊರಗಿನ ಐವರು ಎಷ್ಟು ತಿಕ್ಕಿದರೂ ಮಳೆ ಬಿಸಿಲಿಗೆ ಕಪ್ಪಾಗಿದ್ದರು. ಅವಳ ಮೈಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬಾಣಂತಿಕೋಣೆಯಿಂದ ಆಗಷ್ಟೇ ಹೊರಬಂದವಳ ಹಾಗೆ ಬೆಳ್ಳಗಿದ್ದಳು. ನಾನು ನನ್ನದೇ ಕೆಲಸಕ್ಕೆ ಕೈಮುಗಿದೆ. ಸೊಕ್ಕು ಅನ್ನುವವರು ಅನ್ನಲಿ. ಅಷ್ಟು ಚೆನ್ನಾಗಿತ್ತು ಅದು.

ಮಗ ಬಹಳ ಹೊತ್ತು ನೋಡಿದರು. ಕಣ್ಣೊರೆಸಿಕೊಂಡು, "ಆಯಿಗೆ ಇಷ್ಟು ಚಂದ ಮೂಗು ಇದ್ದಿದ್ದಿಲ್ಲೆ" ಅಂದರು.

"ನನಗೆ ಗೊತ್ತಿರಲಿಲ್ಲ ಒಡೆಯಾ. ತಿದ್ದಲಾ?" ಅಂದೆ.

"ಬ್ಯಾಡ. ಇರ್ಲಿ" ಅಂದರು.

ಹದಿನೈದನೆಯ ತಾರೀಕು ಬೆಳಿಗ್ಗೆ ಅಜ್ಜಿಯನ್ನು ಕರೆತರಲು ನಾನೇ ಜೀಪು ಮಾಡಿಕೊಂಡು ಹೋದೆ. ಆಗ ಅವರಿಗೆ ತೊಂಬತ್ತು ದಾಟಿತ್ತು, ಕಣ್ಣು ಮಂಜು. "ಬಾಗಿಲು ತೆಗೆದ್ಯಾ?" ಅಂದರು. "ತೆಗೆದೆ ಅಮ್ಮಾ" ಅಂದೆ. ನಂಬದೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಜೀಪು ಹತ್ತಿದರು.

ಧ್ವಜ ಹಾರಿತು, ಮಕ್ಕಳು ಹಾಡಿದರು. ಅಜ್ಜಿಗಾಗಿ ಹಾಕಿದ್ದ ಕುರ್ಚಿಯಲ್ಲಿ ಅವರು ಕೂರಲೇ ಇಲ್ಲ. ನನ್ನ ತೋಳು ಹಿಡಿದುಕೊಂಡು ಗೋಡೆಯ ಹತ್ತಿರ ಹೋದರು. ಹರೆಯದ ತಮ್ಮ ಮುಖವನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಬಾಗಿಲಿಗೆ ಕೈಚಾಚಿ, ಚೌಕಟ್ಟಿನ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡರು. ಅವರ ತುಟಿ ಅಲುಗುತ್ತಿತ್ತು. ಏನು ಹೇಳಿಕೊಂಡರೋ, ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ಮಾಸ್ತರೊಬ್ಬರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಆರು ಜನ ಹೆಂಗಸರು ಅಂತ ಶುರುಮಾಡಿದರು. ಈ ದೇಶದ ಚರಿತ್ರೆಗೆ ಒಬ್ಬರನ್ನು ಸೇರಿಸಿದ ಕೈ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಅಜ್ಜಿ ತಿರುಗಿ ನಿಂತು ಕಣ್ಣು ಕಿರಿದು ಮಾಡಿ ಜನರ ನಡುವೆ ಹುಡುಕಿದರು. ಮಗ ಕೋಲೂರಿಕೊಂಡು ಮುಂದೆ ಬಂದರು. ಇಬ್ಬರೂ ಬಾಳಿ ಬದುಕಿದ ಮನೆಗಳ ನಡುವೆ ಹೆಚ್ಚೆಂದರೆ ಒಂದು ಹೊಳೆ. ಆದರೂ ಅವರಿಬ್ಬರು ಅಷ್ಟು ಹತ್ತಿರ ನಿಂತದ್ದನ್ನು ಊರವರು ಯಾರೂ ಕಂಡಿರಲಿಲ್ಲ.

"ಮನೆಯಲ್ಲಿ ಅನ್ನ ಇದ್ದ?" ಅಂತ ಕೇಳಿದರು ಅಜ್ಜಿ.

ಮಗನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. "ಇದ್ದು ಅತ್ತೆ" ಅಂದರು.

"ಹಂಗಾರೆ ಎಲೆ ಹಾಕು. ಆನು ಬತ್ತೆ."

ಎಂಬತ್ತು ದಾಟಿದ ಆ ಮನುಷ್ಯ ಕೋಲನ್ನು ನನ್ನ ಕೈಗೆ ತುರುಕಿ ಮನೆಯ ಕಡೆ ಓಡಿದರು.